ನೆಗೆತದ ಸಾಮರ್ಥ್ಯ: ಸ್ನಾಯು ಮತ್ತು ನರಗಳ ಸಹಕಾರ

ಬಲ ಮತ್ತು ಸಾಮರ್ಥ್ಯ ಎರಡೂ ಒಂದೇ ಎಂಬ ಭಾವನೆ ಕ್ರೀಡಾಂಗಣಗಳಲ್ಲಿ ಇಂದಿಗೂ ಉಂಟು. ಭೌತಶಾಸ್ತ್ರದಲ್ಲಿ ಸಾಮರ್ಥ್ಯವೆಂದರೆ ಕಾರ್ಯ ನಡೆಯುವ ದರ. ಭಾರವಾದ ಮೂಟೆಯನ್ನು ನಿಧಾನವಾಗಿ ಎತ್ತುವವನು ಬಲಶಾಲಿಯೇ ಸರಿ. ಆದರೆ ನೆಗೆತಕ್ಕೆ ಆ ಬಲವೊಂದೇ ಸಾಲದು. ಸ್ನಾಯು ತನ್ನ ಪೂರ್ಣ ಬಲವನ್ನು ಮುಟ್ಟಲು ಸುಮಾರು 0.3 ಸೆಕೆಂಡು ಬೇಕು. ವೇಗದ ಓಟಗಾರನ ಪಾದವಾದರೋ ಪ್ರತಿ ಹೆಜ್ಜೆಯಲ್ಲಿ ನೆಲದ ಮೇಲಿರುವುದು ಸುಮಾರು 0.1 ಸೆಕೆಂಡು ಮಾತ್ರ. ಈ ಕೊರತೆಯನ್ನು ದೇಹವು ತುಂಬಿಕೊಳ್ಳುವ ಬಗೆ ಸ್ವಾರಸ್ಯಕರವಾದುದು.

ನಿಂತಲ್ಲಿಂದಲೇ ಮೇಲಕ್ಕೆ ನೆಗೆಯುವ ಬಾಲಕನನ್ನು ಗಮನಿಸಿರಿ. ಯಾರೂ ಕಲಿಸದಿದ್ದರೂ ಅವನು ಮೊದಲು ಮೊಣಕಾಲು ಮಡಿಸಿ ತುಸು ಕುಗ್ಗುತ್ತಾನೆ, ತಡಮಾಡದೆ ಚಿಮ್ಮುತ್ತಾನೆ. ಕುಗ್ಗಿದ ಭಂಗಿಯಲ್ಲಿಯೇ ಕೆಲವು ಕ್ಷಣ ನಿಲ್ಲಿಸಿ ನೆಗೆಯಹೇಳಿದರೆ ಎತ್ತರ ಕಡಿಮೆಯಾಗುತ್ತದೆ. ಕುಗ್ಗುವಿಕೆಯನ್ನು ತಡೆಯುವಾಗಲೇ ಸ್ನಾಯು ಬಿಗಿಗೊಳ್ಳುವುದರಿಂದ, ಮೇಲೇಳುವ ಹೊತ್ತಿಗೆ ಬಲ ಸಿದ್ಧವಾಗಿರುತ್ತದೆ. ಹಿಮ್ಮಡಿಯ ಸ್ನಾಯುರಜ್ಜು ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಂಡು, ಮರುಕ್ಷಣ ಬಹುಪಾಲನ್ನು ಹಿಂದಿರುಗಿಸುತ್ತದೆ. ನಡುವೆ ತಂಗಿದರೆ ಈ ಲಾಭ ಕರಗಿಹೋಗುತ್ತದೆ.

ಮೂರನೆಯದು ಪರಾವರ್ತಿತ ಪ್ರತಿಕ್ರಿಯೆ. ಸ್ನಾಯುವಿನೊಳಗೆ ಕದಿರಿನಾಕಾರದ ಸೂಕ್ಷ್ಮ ಗ್ರಾಹಕಗಳಿವೆ. ಸ್ನಾಯು ಥಟ್ಟನೆ ಹಿಗ್ಗಿದಾಗ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಮೆದುಳಿನ ಅಪ್ಪಣೆಗೆ ಕಾಯದೆ ಅದೇ ಸ್ನಾಯು ಸಂಕುಚಿಸುತ್ತದೆ. ವೈದ್ಯರು ಮೊಣಕಾಲ ಚಿಪ್ಪಿನ ಕೆಳಗೆ ತಟ್ಟಿ ಪರೀಕ್ಷಿಸುವುದು ಇದನ್ನೇ. ನೆಗೆತದ ಶ್ರೇಯಸ್ಸನ್ನೆಲ್ಲ ಇದಕ್ಕೇ ಸಲ್ಲಿಸುವವರಿದ್ದಾರೆ, ಅದು ಅತಿಯಾಯಿತು. ಇದರ ಪಾಲೆಷ್ಟೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ.

ಈ ತತ್ತ್ವವನ್ನು ತರಬೇತಿಗೆ ಅಳವಡಿಸಿದವರಲ್ಲಿ ಸೋವಿಯೆತ್ ರಷ್ಯದ ಯೂರಿ ವೆರ್ಖೋಷಾನ್‌ಸ್ಕಿ ಪ್ರಮುಖರು. ಎತ್ತರದಿಂದ ಧುಮುಕಿ ಕೂಡಲೇ ಮೇಲಕ್ಕೆ ಚಿಮ್ಮುವ ಅಭ್ಯಾಸವನ್ನು ಅವರು 1960ರ ದಶಕದಲ್ಲಿ ಪ್ರಚುರಪಡಿಸಿದರು. ‘ಪ್ಲೈಯೋಮೆಟ್ರಿಕ್ಸ್’ ಎಂಬ ಹೆಸರು 1975ರಲ್ಲಿ ಅಮೆರಿಕದ ಫ್ರೆಡ್ ವಿಲ್ಟ್ ಅವರಿಂದ ಬಂದಿತು. ಮೊದಲಿನ ಪದ್ಧತಿ ಪಳಗಿದ ಕ್ರೀಡಾಪಟುಗಳಿಗೆಂದು ರೂಪುಗೊಂಡುದು. ಅದನ್ನು ಯಥಾವತ್ತಾಗಿ ಶಾಲೆಗೆ ತಂದು, ಎತ್ತರ ಹೆಚ್ಚಿದಷ್ಟೂ ಫಲ ಹೆಚ್ಚೆಂದು ಭಾವಿಸುವುದು ಅಪಾಯಕರ. ಅಭ್ಯಾಸವಿಲ್ಲದವರು ಬಹಳ ಎತ್ತರದಿಂದ ಧುಮುಕಿದಾಗ ನರಮಂಡಲವೇ ಸ್ನಾಯುವಿನ ಚಟುವಟಿಕೆಯನ್ನು ತಗ್ಗಿಸುವುದು ಕಂಡುಬಂದಿದೆ. ಬೆಳೆಯುವ ಮಕ್ಕಳಲ್ಲಿ ಹಿಮ್ಮಡಿಯಲ್ಲಿಯೂ ಮೊಣಕಾಲ ಕೆಳಗೂ ಸ್ನಾಯುರಜ್ಜು ಅಂಟಿಕೊಂಡಿರುವ ಎಡೆಯಲ್ಲಿ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಅಲ್ಲಿ ನೋವು ತೋರಿದರೆ ನೆಗೆತವನ್ನು ನಿಲ್ಲಿಸತಕ್ಕದ್ದು.

ದುಬಾರಿ ಉಪಕರಣಗಳೇನೂ ಬೇಕಿಲ್ಲ. ಹದವಾದ ಮಣ್ಣಿನ ನೆಲ, ಹಗ್ಗದಾಟ, ಗೇಣೆತ್ತರದ ಭದ್ರವಾದ ಮಣೆ ಆರಂಭಕ್ಕೆ ಸಾಕು. ನೆಗೆತಗಳು ಕೆಲವೇ ಇರಲಿ, ನಡುವೆ ವಿಶ್ರಾಂತಿ ಧಾರಾಳವಾಗಿರಲಿ. ದಣಿದ ಕಾಲು ನೆಲದಲ್ಲಿ ತಂಗುತ್ತದೆ. ಅಧ್ಯಾಪಕರು ಕಣ್ಣಿನೊಡನೆ ಕಿವಿಯನ್ನೂ ಬಳಸಬೇಕು. ಹಿಮ್ಮಡಿ ದೊಪ್ಪನೆ ಬಡಿದರೆ, ಮೊಣಕಾಲುಗಳು ಒಳಕ್ಕೆ ವಾಲಿದರೆ, ಮಣೆಯನ್ನು ತಗ್ಗಿಸಬೇಕು.