ರಜೆಯ ಲೆಕ್ಕಕ್ಕೊಂದು ಕ್ಯಾಲೆಂಡರ್ ಟೇಬಲ್



ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕೆಂಬುದು ನಿಮಗೆಲ್ಲ ಗೊತ್ತು. ಆದರೆ ಅದು ಎಷ್ಟು ದಿನಗಳಲ್ಲಿ ಶೇ. 75? ಒಬ್ಬ ವಿದ್ಯಾರ್ಥಿ 200 ತರಗತಿ ದಿನಗಳಲ್ಲಿ 150 ದಿನ ಬಂದಿದ್ದಾನೆ ಎನ್ನಿ. ಸರಿಯಾಗಿ 75. ನಾಲ್ಕು ರಜಾದಿನಗಳನ್ನು ಕಂಪ್ಯೂಟರ್ ತರಗತಿ ದಿನವೆಂದೇ ಎಣಿಸಿದರೆ 204ಕ್ಕೆ 150, ಅಂದರೆ 73.5. ಅವನು ಒಂದು ದಿನವೂ ಹೆಚ್ಚಿಗೆ ತಪ್ಪಿಸಿಲ್ಲ. ಆದರೂ ಹೆಸರು ಹಾಜರಾತಿ ಕೊರತೆಯ ಪಟ್ಟಿಗೆ ಸೇರಿತು.

ಭಾನುವಾರ ಬಿಡುವುದು ಸುಲಭ. ಮೈ ಎಸ್‌ಕ್ಯೂಎಲ್‌ನ ಡೇಆಫ್‌ವೀಕ್ ಫಂಕ್ಷನ್ ಭಾನುವಾರಕ್ಕೆ 1 ಎಂದು ಉತ್ತರ ಕೊಡುತ್ತದೆ. ಆಗಸ್ಟ್ 15 ಕೂಡ ಸುಲಭ. ಆದರೆ ಯುಗಾದಿ, ದೀಪಾವಳಿ, ಈದ್‌ಗಳಿಗೆ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ನಿಶ್ಚಿತ ತಾರೀಖಿಲ್ಲ. ಇವನ್ನು ಕ್ವೆರಿಯೊಳಗೆ ಸೂತ್ರವಾಗಿ ಬರೆಯಲು ಹೋಗಬೇಡಿ. ಬದಲಿಗೆ ದಿನಕ್ಕೊಂದು ಸಾಲಿನಂತೆ ಒಂದು ಟೇಬಲ್ ಮಾಡಿ. ತಾರೀಖೇ ಪ್ರೈಮರಿ ಕೀ. ಜೊತೆಗೆ ವಾರ, ಶೈಕ್ಷಣಿಕ ವರ್ಷ, ಅಂದು ಎಷ್ಟು ಪೀರಿಯಡ್ ಎಂಬ ಕಾಲಂಗಳು. ಶುಕ್ರವಾರ ಜುಮಾ ನಮಾಜಿಗೆ ಬಿಡುವು ಉದ್ದ, ಶನಿವಾರ ಅರ್ಧ ದಿನ ಇರುವಲ್ಲಿ ಪೀರಿಯಡ್ ಕಾಲಂ ತುಂಬ ಉಪಯೋಗ. ಟೇಬಲ್ ದೊಡ್ಡದಾಗುತ್ತದೆಂಬ ಹೆದರಿಕೆ ಬೇಡ. 2025ರಿಂದ 2034ರವರೆಗೆ ಹತ್ತು ವರ್ಷಕ್ಕೆ 3652 ಸಾಲು, ಅಷ್ಟೇ.

ರಜೆಗಳನ್ನು ಇದೇ ಟೇಬಲ್‌ನಲ್ಲಿ 'ರಜೆ: ಹೌದು, ಇಲ್ಲ' ಎಂಬ ಕಾಲಂ ಆಗಿ ಇಡಬಹುದಲ್ಲವೇ? ಒಂದೇ ಕಾಲೇಜಿಗಾದರೆ ಇಡಬಹುದು. ಹಲವು ಜಿಲ್ಲೆಗಳಿಗಾದರೆ ಅದು ಸಾಲದು. 2024ರ ಈದುಲ್ ಫಿತ್ರ್ ನೆನಪಿಸಿಕೊಳ್ಳಿ. ಕೇರಳದಲ್ಲೂ ನಮ್ಮ ರಾಜ್ಯದ ಕರಾವಳಿಯಲ್ಲೂ ಏಪ್ರಿಲ್ 10, ಬುಧವಾರ ಹಬ್ಬ. ಬೆಂಗಳೂರಿನಲ್ಲಿ ಮರುದಿನ, ಗುರುವಾರ. ಚಂದ್ರದರ್ಶನ ಆದ ಕಡೆ ಒಂದು ದಿನ, ಆಗದ ಕಡೆ ಇನ್ನೊಂದು ದಿನ. ಏಪ್ರಿಲ್ ಎಂದರೆ ನಮಗೆ ಹೇಗೂ ಬೇಸಿಗೆ ರಜೆ. ಆದರೆ ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಹಬ್ಬ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ತರಗತಿ ನಡೆಯುವ ತಿಂಗಳುಗಳಿಗೆ ಬಂದೇ ಬರುತ್ತದೆ.

ಆದ್ದರಿಂದ ರಜೆಗೆ ಬೇರೆ ಟೇಬಲ್: ತಾರೀಖು, ಜಿಲ್ಲೆ, ಕಾರಣ. ತಾರೀಖು ಮತ್ತು ಜಿಲ್ಲೆ ಸೇರಿ ಪ್ರೈಮರಿ ಕೀ. 'ವರ್ಷ ಮತ್ತು ಹಬ್ಬದ ಹೆಸರು ಸೇರಿಸಿದರೆ ಸಾಕಲ್ಲ ಸರ್' ಎಂದು ಲ್ಯಾಬ್‌ನಲ್ಲಿ ಯಾರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅವರಿಗೆ ನಾನು 2000ನೇ ಇಸವಿ ತೋರಿಸುತ್ತೇನೆ. ಆ ವರ್ಷ ಈದುಲ್ ಫಿತ್ರ್ ಜನವರಿಯಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಬಂತು. 2033ರಲ್ಲೂ ಹಾಗೆಯೇ ಬರಲಿದೆ. ಅಂಥ ಕೀ ಇಟ್ಟರೆ ಎರಡನೆಯ ಈದನ್ನು ಡೇಟಾಬೇಸ್ ಒಳಗೇ ಬಿಡುವುದಿಲ್ಲ!

ಈ ವಿನ್ಯಾಸದ ದೊಡ್ಡ ಲಾಭ ಚಂದ್ರದರ್ಶನದ ರಾತ್ರಿ ಕಾಣುತ್ತದೆ. ರಜೆ ಒಂದು ದಿನ ಮುಂದೆ ಹೋಯಿತೇ? ರಜೆ ಟೇಬಲ್‌ನಲ್ಲಿ ಆ ಜಿಲ್ಲೆಯ ಒಂದು ಸಾಲಿನ ತಾರೀಖು ಅಪ್‌ಡೇಟ್ ಮಾಡಿದರೆ ಮುಗಿಯಿತು. ಪ್ರೋಗ್ರಾಂ ಮುಟ್ಟಬೇಕಿಲ್ಲ. ಮಳೆಗೆ ಜಿಲ್ಲಾಧಿಕಾರಿಗಳು ಹಠಾತ್ತಾಗಿ ರಜೆ ಸಾರಿದಾಗಲೂ ಒಂದು ಸಾಲು ಸೇರಿಸಿದರಾಯಿತು.

ಇನ್ನೊಂದು ಉಪಯೋಗವನ್ನು ಅನೇಕರು ಗಮನಿಸುವುದಿಲ್ಲ. ಹಾಜರಿ ಟೇಬಲ್ ಒಂದನ್ನೇ ನೋಡಿದರೆ ಹಾಜರಿ ಕರೆಯಲು ಮರೆತ ದಿನ ಕಾಣಿಸದು, ಏಕೆಂದರೆ ಅಂದಿನ ಸಾಲೇ ಇರುವುದಿಲ್ಲ. ಕ್ಯಾಲೆಂಡರ್ ಟೇಬಲನ್ನು ಎಡಕ್ಕಿಟ್ಟು ಹಾಜರಿ ಟೇಬಲ್ ಜೊತೆ ಲೆಫ್ಟ್ ಜಾಯಿನ್ ಮಾಡಿ. ಹಾಜರಿ ಕಡೆ ನಲ್ ಬಂದು, ರಜೆ ಟೇಬಲ್‌ನಲ್ಲೂ ಭಾನುವಾರದಲ್ಲೂ ಇಲ್ಲದ ತಾರೀಖುಗಳೇ ಬಿಟ್ಟುಹೋದ ದಿನಗಳು. ಆ ಪಟ್ಟಿಯನ್ನು ಪ್ರತಿ ತಿಂಗಳ ಕೊನೆಗೆ ತೆಗೆದರೆ ಕೊರತೆ ಪಟ್ಟಿ ಹಾಕುವ ಮೊದಲೇ ಸರಿಪಡಿಸಬಹುದು.

ಮುಂದಿನ ಲ್ಯಾಬ್‌ಗೆ ಒಂದು ಅಭ್ಯಾಸ: 2033ರ 365 ಸಾಲುಗಳ ಕ್ಯಾಲೆಂಡರ್ ಟೇಬಲ್ ಮಾಡಿ, ಎರಡೂ ಈದುಲ್ ಫಿತ್ರ್‌ಗಳನ್ನು ಎರಡು ಜಿಲ್ಲೆಗಳಿಗೆ ಬೇರೆ ಬೇರೆ ತಾರೀಖಿನಲ್ಲಿ ಸೇರಿಸಿ, ಪ್ರತಿ ಜಿಲ್ಲೆಯ ತರಗತಿ ದಿನಗಳನ್ನು ಕೌಂಟ್ ಮಾಡಿ ತನ್ನಿ.