ರಾಜಕಾಲುವೆಯ ಲೆಕ್ಕ, ಮನೆಯವರ ಆರೋಗ್ಯ

ಮಳೆಗಾಲದ ಕಾಯಿಲೆಗಳ ಬಗ್ಗೆ ಬರೆಯುವಾಗ ನೀರು ಕುದಿಸಿ ಕುಡಿಯಿರಿ, ಕೈ ತೊಳೆಯಿರಿ, ಸೊಳ್ಳೆಪರದೆ ಕಟ್ಟಿರಿ ಎಂದು ಹೇಳಿ ಮುಗಿಸುವುದು ವಾಡಿಕೆ. ಈ ಸಲಹೆಗಳೆಲ್ಲ ಸರಿಯೇ. ಆದರೆ ಒಂದೇ ಬಡಾವಣೆಯ ಹತ್ತಾರು ಮನೆಗಳ ಮಕ್ಕಳಿಗೆ ಒಂದೇ ವಾರದಲ್ಲಿ ವಾಂತಿಭೇದಿ ಶುರುವಾದರೆ, ಅಷ್ಟೂ ಮನೆಯವರು ಒಟ್ಟಿಗೆ ಕೈ ತೊಳೆಯುವುದನ್ನು ಮರೆತರೆಂದು ಹೇಳಲಾಗದು. ಅಂಥ ಸಂದರ್ಭದಲ್ಲಿ ಕಾರಣವನ್ನು ಮನೆಯ ಹೊರಗೆ ಹುಡುಕಬೇಕು. ಬಹಳ ಸಲ ಅದು ಸಿಗುವುದು ಬೀದಿಯ ಮೋರಿಯಲ್ಲಿ ಇಲ್ಲವೇ ಹಿಂದೆ ಹರಿಯುವ ಮಳೆನೀರಿನ ಕಾಲುವೆಯಲ್ಲಿ. ಆ ಕಾಲುವೆಯನ್ನು ಯಾರು, ಯಾವಾಗ, ಯಾವ ಹಣದಿಂದ ಸರಿಪಡಿಸುತ್ತಾರೆ ಎಂಬುದು ಎಂಜಿನಿಯರುಗಳಿಗೆ ಮಾತ್ರ ಸೇರಿದ ವಿಷಯವಲ್ಲ. ಆದ್ದರಿಂದ ಈ ವಾರ ಬೆಂಗಳೂರಿನ ರಾಜಕಾಲುವೆಗಳನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ತಿಳಿಯೋಣ.

ಮೊದಲು, ಚರಂಡಿಯ ನೀರು ನಲ್ಲಿಗೆ ಬರುವ ಬಗೆ. ನಮ್ಮ ಊರುಗಳಲ್ಲಿ ಕುಡಿಯುವ ನೀರು ದಿನವಿಡೀ ಬರುವುದಿಲ್ಲ. ನೀರು ಬಿಟ್ಟಾಗ ಕೊಳವೆಯೊಳಗೆ ಒತ್ತಡವಿರುತ್ತದೆ. ಬಿರುಕಿದ್ದರೆ ಒಳಗಿನ ನೀರು ಹೊರಗೆ ಸೋರುತ್ತದೆ, ಅಷ್ಟೆ. ನೀರು ನಿಲ್ಲಿಸಿದಾಗ ಒತ್ತಡ ಇಳಿದು, ಅದೇ ಬಿರುಕಿನ ಮೂಲಕ ಸುತ್ತಲಿನ ಕೊಳಚೆ ಒಳಕ್ಕೆ ಎಳೆದುಕೊಳ್ಳುತ್ತದೆ. ಕೊಳವೆ ಚರಂಡಿಯನ್ನು ಹಾದುಹೋಗುವ ಕಡೆ, ಮಳೆಯಿಂದ ಚರಂಡಿ ತುಂಬಿ ನಿಂತಾಗ ಈ ಅಪಾಯ ಹೆಚ್ಚು. ಮರುದಿನ ಬರುವ ಮೊದಲ ನೀರು ನೇರ ಸಂಪಿಗೆ ಹೋಗುತ್ತದೆ. ವಾಂತಿಭೇದಿ, ಕಾಲರಾ, ಟೈಫಾಯ್ಡ್, ಎ ಮತ್ತು ಇ ವೈರಸ್ಸುಗಳಿಂದ ಬರುವ ಕಾಮಾಲೆ, ಇವೆಲ್ಲ ಈ ದಾರಿಯಲ್ಲಿ ಬರಬಲ್ಲವು.

ಮಳೆನೀರಿನ ಕಾಲುವೆಯಲ್ಲಿ ಮಳೆನೀರು ಮಾತ್ರ ಹರಿದರೆ ಇಷ್ಟು ತೊಂದರೆಯಿಲ್ಲ. ತೊಂದರೆ ಇರುವುದು ಅದರಲ್ಲಿ ವರ್ಷವಿಡೀ ಶೌಚದ ನೀರು ಹರಿಯುವುದರಲ್ಲಿ. ಬೆಂಗಳೂರಿನಲ್ಲಿ ಒಳಚರಂಡಿ ಜಲಮಂಡಳಿಯದು, ಮಳೆನೀರಿನ ಕಾಲುವೆ ಪಾಲಿಕೆಯದು. ಒಬ್ಬರ ಕೊಳವೆ ಕಟ್ಟಿಕೊಂಡರೆ ಅದರ ನೀರು ಇನ್ನೊಬ್ಬರ ಕಾಲುವೆಗೆ ಬೀಳುತ್ತದೆ. ಯಾರ ಬಜೆಟ್ಟಿನಲ್ಲಿ ಅದಕ್ಕೆ ಹಣ ಇಡಬೇಕು? ಅಲ್ಲೇ ಕಡತ ನಿಲ್ಲುತ್ತದೆ.

ನೀರು ಹೋಗುವ ದಾರಿ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕುಳಿತ ಊರಿನಲ್ಲಿ ಪ್ರವಾಹವೇ ಎಂದು ಹೊರಗಿನವರು ಆಶ್ಚರ್ಯಪಡುತ್ತಾರೆ. ಬೆಂಗಳೂರಿನಲ್ಲಿ ಬಿದ್ದ ನೀರು ವೃಷಭಾವತಿ ಕಣಿವೆಯ ಮೂಲಕ ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಹೋಗುತ್ತದೆ. ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ದೊಡ್ಡ ನದಿಯಿಲ್ಲದ ಊರಾದ್ದರಿಂದ ಹಿರಿಯರು ಇಳಿಜಾರಿನಲ್ಲಿ ಒಂದರ ಕೆಳಗೊಂದರಂತೆ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆ ತುಂಬಬೇಕು. ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ. ಕೆರೆ ಹೋಯಿತು, ಇಳಿಜಾರು ಮಾತ್ರ ಹಾಗೇ ಇದೆ.

ಕಾಲುವೆಗಳ ಗತಿಯನ್ನು ಮಹಾಲೇಖಪಾಲರು, ಅಂದರೆ ಸಿಎಜಿ, 2021ರ ವರದಿಯಲ್ಲಿ ಲೆಕ್ಕಹಾಕಿದ್ದಾರೆ. ಕಳೆದ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿ.ಮೀ. ಇದ್ದ ಕಾಲುವೆಗಳು 2016-17ರ ವೇಳೆಗೆ 63 ಕಿ.ಮೀ.ಗೂ, ವೃಷಭಾವತಿ ಕಣಿವೆಯಲ್ಲಿ 226 ಕಿ.ಮೀ. ಇದ್ದದ್ದು ಸುಮಾರು 110 ಕಿ.ಮೀ.ಗೂ ಇಳಿದಿದ್ದವು. ಮನುಷ್ಯನ ರಕ್ತನಾಳಗಳಲ್ಲಿ ಅರ್ಧವನ್ನು ಕತ್ತರಿಸಿ, ಹೃದಯಕ್ಕೆ ಎರಡರಷ್ಟು ಕೆಲಸ ಕೊಟ್ಟಂತೆ ಇದು.

ಎರಡರಷ್ಟು ಎಂದದ್ದು ಮಾತಿನ ಅಲಂಕಾರವೇನಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30×40 ಅಡಿಯ ನಿವೇಶನವೆಂದರೆ 111 ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಸಂಜೆ 60 ಮಿ.ಮೀ. ಮಳೆ ಸುರಿದರೆ ಅಷ್ಟರಿಂದಲೇ ಸುಮಾರು 6,700 ಲೀಟರ್, ಒಂದು ಟ್ಯಾಂಕರ್ ನೀರು! ಹಿಂದೆ ಮಣ್ಣಿನ ಅಂಗಳ, ತೆಂಗಿನ ಪಾತಿ ಅದರಲ್ಲಿ ಬಹುಪಾಲು ಕುಡಿಯುತ್ತಿದ್ದವು. ಈಗ ಕಾಂಪೌಂಡಿನವರೆಗೂ ಕಲ್ಲು ಹಾಸಿರುವುದರಿಂದ ಪೂರಾ ನೀರು ಬೀದಿಗೆ. ಬೀದಿಯಲ್ಲಿ ನೂರು ಮನೆಯಿದ್ದರೆ ನೂರು ಟ್ಯಾಂಕರ್. ಕಾಲುವೆಯ ಅಗಲ ಗೊತ್ತುಪಡಿಸುವ ಎಂಜಿನಿಯರ್ ಮಾಡುವುದು ಮೂಲತಃ ಇದೇ ಲೆಕ್ಕ: ಎಷ್ಟು ನೆಲ, ಗಂಟೆಗೆ ಎಷ್ಟು ಮಳೆ, ಅದರಲ್ಲಿ ಎಷ್ಟು ಪಾಲು ಹರಿಯುತ್ತದೆ. ಮೂರನೆಯ ಅಂಕಿಯನ್ನು ನಾವೇ ಏರಿಸಿಬಿಟ್ಟಿದ್ದೇವೆ.

2022ರ ಸೆಪ್ಟೆಂಬರ್ 5ರ ಬೆಳಗ್ಗೆಗೆ ಮುಗಿದ ಒಂದು ದಿನದಲ್ಲಿ ನಗರದಲ್ಲಿ 131 ಮಿ.ಮೀ.ಗೂ ಹೆಚ್ಚು ಮಳೆಯಾಯಿತು. ಮಹದೇವಪುರ, ಬೆಳ್ಳಂದೂರು ಭಾಗದಲ್ಲಿ ಜನರನ್ನು ದೋಣಿ, ಟ್ರಾಕ್ಟರುಗಳಲ್ಲಿ ಸಾಗಿಸಿದ್ದು ಎಲ್ಲರಿಗೂ ನೆನಪಿದೆ. ವೈದ್ಯನಾಗಿ ನನಗೆ ಹೆಚ್ಚು ಕಾಡಿದ್ದು ಇನ್ನೊಂದು ಸುದ್ದಿ. ಅದೇ ಮಳೆಗೆ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಪಂಪುಮನೆಗೆ ನೀರು ನುಗ್ಗಿ ಬೆಂಗಳೂರಿಗೆ ಕಾವೇರಿ ನೀರಿನ ಪೂರೈಕೆ ಕಡಿದುಹೋಯಿತು. ಬೀದಿಯ ತುಂಬ ಕೊಳಚೆ, ಕೊಳವೆ ಖಾಲಿ. ಮೇಲೆ ಹೇಳಿದ ಒತ್ತಡದ ಮಾತನ್ನು ಇಲ್ಲಿ ಇನ್ನೊಮ್ಮೆ ನೆನಪಿಸಿಕೊಳ್ಳಿ.

ತಡಮಾಡಿದರೆ ಬೆಲೆ ಏರುತ್ತದೆ

ಯೋಜನೆ ಬರೆದಿಟ್ಟು ಹಣ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮವರು ಬಹಳ ಮಂದಿ ನೆಲೆಸಿರುವ ಮುಂಬೈಯನ್ನು ನೋಡಬೇಕು. ಅಲ್ಲಿನ ಹಳೆಯ ಚರಂಡಿಗಳು ಗಂಟೆಗೆ 25 ಮಿ.ಮೀ. ಮಳೆಗೆ ತಕ್ಕವು. ಅವನ್ನು 50 ಮಿ.ಮೀ.ಗೆ ಹಿಗ್ಗಿಸಬೇಕೆಂದು ‘ಬ್ರಿಮ್‌ಸ್ಟೋವಾಡ್’ ಎಂಬ ವರದಿ 1993ರಲ್ಲೇ ಬಂತು. ಆಗಿನ ಅಂದಾಜು 616 ಕೋಟಿ ರೂಪಾಯಿ. ಬಹುಪಾಲು ಕೆಲಸ ಕಾಗದದಲ್ಲೇ ಉಳಿಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿಯಿತು. ಅಂಥ ಮಳೆಯನ್ನು ಯಾವ ಚರಂಡಿಯೂ ತಡೆಯದು, ಒಪ್ಪೋಣ. ಆದರೆ ನೀರು ಬೇಗ ಇಳಿಯಬಹುದಿತ್ತು. ಆಮೇಲೆ ಕೇಂದ್ರ ಸರ್ಕಾರ ಅದೇ ಯೋಜನೆಗೆ ಸುಮಾರು 1,200 ಕೋಟಿಯ ನೆರವು ಒಪ್ಪಿತು. ಹಳೆಯ ಅಂದಾಜಿನ ಸುಮಾರು ಎರಡು ಪಟ್ಟು.

ಆ ಪ್ರವಾಹದ ನಂತರದ ವಾರಗಳಲ್ಲಿ ಮುಂಬೈಯ ಆಸ್ಪತ್ರೆಗಳಿಗೆ ಇಲಿಜ್ವರದ ರೋಗಿಗಳು ಬರತೊಡಗಿದರು. ಲೆಪ್ಟೊಸ್ಪೈರಾ ಎಂಬ ರೋಗಾಣು ಇಲಿ, ನಾಯಿ, ದನಗಳ ಮೂತ್ರದಲ್ಲಿರುತ್ತದೆ. ನಿಂತ ನೀರಿನಲ್ಲಿ ನಡೆಯುವಾಗ ಕಾಲಿನ ಗಾಯದ ಮೂಲಕವೋ ನೆನೆದು ಮೆತ್ತಗಾದ ಚರ್ಮದ ಮೂಲಕವೋ ದೇಹಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳ ಮೇಲೆ ಜ್ವರ, ತಲೆನೋವು, ಕೆಂಪೇರಿದ ಕಣ್ಣು, ಮುಖ್ಯವಾಗಿ ಮೀನಖಂಡದಲ್ಲಿ ತಡೆಯಲಾಗದ ನೋವು. ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ ಅದು ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. ನೀರು ಇಳಿದು ಎರಡು ವಾರವಾದ ಮೇಲೆ ಜ್ವರ ಬಂದಾಗ ಯಾರಿಗೂ ಪ್ರವಾಹದ ನೆನಪಿರುವುದಿಲ್ಲ. ‘ಕೊಳಚೆ ನೀರಿನಲ್ಲಿ ನಡೆದಿದ್ದೆ’ ಎಂದು ವೈದ್ಯರಿಗೆ ತಪ್ಪದೇ ಹೇಳಿ. ಆರಂಭದಲ್ಲೇ ಗುರುತಿಸಿದರೆ ಸಾಮಾನ್ಯ ಜೀವಿರೋಧಕ ಔಷಧಗಳಿಂದ ಗುಣವಾಗುವ ಕಾಯಿಲೆ ಇದು. ಪಕ್ಕದ ಮನೆಯವರು ನುಂಗಿದರೆಂದು ನೀವೂ ಮಾತ್ರೆ ತಂದು ನುಂಗಬೇಡಿ. ಡೆಂಗ್ಯೂವಿಗೆ ಮಾತ್ರ ಚರಂಡಿಯನ್ನು ದೂರುವುದು ಸರಿಯಲ್ಲ. ಅದರ ಸೊಳ್ಳೆ ಮೊಟ್ಟೆಯಿಡುವುದು ನಿಮ್ಮ ಡ್ರಮ್ಮು, ಹೂಕುಂಡದ ತಟ್ಟೆಯ ತಿಳಿನೀರಿನಲ್ಲಿ.

ಬೆಂಗಳೂರಿನ ಹಣದ ವಿಷಯಕ್ಕೆ ಬರೋಣ. ಹದಿನೈದನೇ ಹಣಕಾಸು ಆಯೋಗ 2021-26ರ ಅವಧಿಗೆ ಏಳು ಮಹಾನಗರಗಳ ಪ್ರವಾಹ ತಡೆಗೆ 2,500 ಕೋಟಿ ಶಿಫಾರಸು ಮಾಡಿತು. ಅದರಲ್ಲಿ ಬೆಂಗಳೂರಿನ ಪಾಲು 250 ಕೋಟಿ. ನಗರದಲ್ಲಿ ದೊಡ್ಡ ಮತ್ತು ಎರಡನೇ ಹಂತದ ಕಾಲುವೆಗಳೇ ಸುಮಾರು 850 ಕಿ.ಮೀ. ಹಂಚಿದರೆ ಕಿಲೋಮೀಟರಿಗೆ ಮೂವತ್ತು ಲಕ್ಷವೂ ಇಲ್ಲ. ಮೆಜೆಸ್ಟಿಕ್ ಬಳಿಯಿಂದ ಬೆಳ್ಳಂದೂರಿನ ಕಡೆಗೆ ಹರಿಯುವ ಹನ್ನೊಂದು-ಹನ್ನೆರಡು ಕಿ.ಮೀ. ಕಾಲುವೆಯನ್ನು ಚೊಕ್ಕಗೊಳಿಸುವ ‘ಕೆ-100’ ಯೋಜನೆಯೊಂದಕ್ಕೇ ಆರಂಭದ ಅಂದಾಜು ಸುಮಾರು 175 ಕೋಟಿ ಇತ್ತು. ಉಳಿದದ್ದು ರಾಜ್ಯದ ಅನುದಾನ, ಸಾಲ ಮತ್ತು ನಿಮ್ಮ ಆಸ್ತಿತೆರಿಗೆಯಿಂದಲೇ ಬರಬೇಕು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ನೀರು ಪಾಲಿಕೆಯ ಗಡಿ ನೋಡಿ ಹರಿಯದಾದ್ದರಿಂದ ಮೇಲಿನವರ ಯೋಜನೆ ಕೆಳಗಿನವರ ಯೋಜನೆಯೊಂದಿಗೆ ಹೊಂದಲೇಬೇಕು.

ನನ್ನ ಮಟ್ಟಿಗೆ ದೊಡ್ಡ ಕೊರತೆ ಕಾಣುವುದು ದುರಸ್ತಿಯ ಹಣದಲ್ಲಿ. ತಡೆಗೋಡೆ ಕಟ್ಟುವುದು ಶಸ್ತ್ರಚಿಕಿತ್ಸೆ ಇದ್ದಂತೆ. ಉದ್ಘಾಟನೆ ಆಗುತ್ತದೆ, ಫಲಕ ಹಾಕುತ್ತಾರೆ. ಹೂಳೆತ್ತುವುದು ರಕ್ತದೊತ್ತಡದ ಮಾತ್ರೆ. ದಿನವೂ ನುಂಗಬೇಕು, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರ ಮಾರ್ಗಸೂಚಿಯಲ್ಲಿ ಮುಖ್ಯ ಚರಂಡಿಗಳ ಹೂಳನ್ನು ಪ್ರತಿವರ್ಷ ಮಾರ್ಚ್ 31ರೊಳಗೆ ಎತ್ತಿ ಮುಗಿಸಬೇಕೆಂದು ಹೇಳಿದೆ. ಮೇ ತಿಂಗಳಲ್ಲಿ ಟೆಂಡರ್ ಕರೆದರೆ ಇದು ಸಾಧ್ಯವೇ?

ಆದ್ದರಿಂದ ಬಜೆಟ್ ತಯಾರಾಗುವ ಜನವರಿ-ಫೆಬ್ರುವರಿಯಲ್ಲೇ ಬೀದಿಯ ನಾಲ್ಕು ಮನೆಯವರು ಸೇರಿ ವಾರ್ಡ್ ಕಚೇರಿಗೆ ಹೋಗಿ ಬನ್ನಿ. ನಮ್ಮ ಕಾಲುವೆಯ ಹೂಳಿಗೆ ಈ ವರ್ಷ ಎಷ್ಟು ಹಣ ಇಟ್ಟಿದ್ದೀರಿ, ಯಾವ ತಾರೀಖಿಗೆ ಮುಗಿಯುತ್ತದೆ, ಎತ್ತಿದ ಹೂಳನ್ನು ಎಲ್ಲಿ ಹಾಕುತ್ತೀರಿ ಎಂದು ಕೇಳಿ. ಕೊನೆಯ ಪ್ರಶ್ನೆ ಚಿಲ್ಲರೆ ಎನ್ನಬೇಡಿ. ದಡದಲ್ಲೇ ಗುಡ್ಡೆ ಹಾಕಿದ ಹೂಳು ಮೊದಲ ಮಳೆಗೇ ಕಾಲುವೆಗೆ ವಾಪಸು. ಕುಡಿಯುವ ನೀರಿನ ಕೊಳವೆ ಎಲ್ಲೆಲ್ಲಿ ಚರಂಡಿ ದಾಟುತ್ತದೆ ಎಂಬುದನ್ನು ಜಲಮಂಡಳಿಯವರಿಂದ ತಿಳಿದು, ಲಿಖಿತವಾಗಿ ಕೊಟ್ಟು ಬದಲಾಯಿಸಲು ಕೇಳಿ.

ಹಾಗೆಯೇ ನಿಮ್ಮ ಮಾಳಿಗೆಯ ಮಳೆನೀರಿನ ಪೈಪು ಒಳಚರಂಡಿಗೆ ಸೇರಿದೆಯೇ ನೋಡಿ. ಹಲವು ಮನೆಗಳಲ್ಲಿ ಸೇರಿರುತ್ತದೆ! ಮಳೆ ಬಂದೊಡನೆ ಮ್ಯಾನ್‌ಹೋಲ್ ಉಕ್ಕುವುದಕ್ಕೂ, ತಗ್ಗಿನ ಮನೆಯ ಶೌಚಾಲಯದಲ್ಲಿ ಕೊಳಚೆ ಮೇಲೆ ಬರುವುದಕ್ಕೂ ಇದು ಮುಖ್ಯ ಕಾರಣಗಳಲ್ಲೊಂದು. ಆ ಪೈಪನ್ನು ಇಂಗುಗುಂಡಿಗೋ ಮಳೆನೀರಿನ ತೊಟ್ಟಿಗೋ ತಿರುಗಿಸಲು ಪ್ಲಂಬರಿಗೆ ಹೆಚ್ಚು ಹೊತ್ತು ಬೇಕಾಗದು.

ಸಂಪಿಗೆ ಪ್ರವಾಹದ ನೀರು ನುಗ್ಗಿದ್ದರೆ ಪೂರ್ತಿ ಖಾಲಿ ಮಾಡಿ, ಗೋಡೆ ಉಜ್ಜಿ ತೊಳೆದು, ಹೊಸ ನೀರು ತುಂಬಿದ ಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ತಿಳಿಯನ್ನು ಮಾತ್ರ ಸುರಿದು ಒಂದು ಗಂಟೆ ಬಿಡಿ. ಕುಡಿಯುವುದನ್ನು ಆಮೇಲೂ ಕುದಿಸಿ. ಭೇದಿಯಾಗುವ ಮಗುವಿಗೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ, ಚಮಚ ಚಮಚವಾಗಿ ಕೊಡುತ್ತಿರಿ, ಎದೆಹಾಲು ನಿಲ್ಲಿಸಬೇಡಿ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಆರು ಗಂಟೆ ಮೂತ್ರ ಮಾಡದಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.