ಗುಡ್ಡದ ಮಗ್ಗಲಿನ ಲೈನಿಗೇ ಸಿಡಿಲೇಕೆ?

ಕಳೆದ ಮೇ ತಿಂಗಳ ಒಂದು ಸಂಜೆ ನಮ್ಮ ಚಾಚಾ ಅವರ ಜೋಡೆತ್ತಿನಲ್ಲಿ ಒಂದು ಸತ್ತುಹೋಯಿತು. ಸಿಡಿಲು ಎತ್ತಿನ ಮೇಲೆ ಬಿದ್ದಿರಲಿಲ್ಲ, ಗುಡ್ಡದ ಮಗ್ಗಲಿಗಿರುವ ಅವರ ಮರಡಿ ಹೊಲದ ಬದುವಿನ 11 ಕೆವಿ ಲೈನಿನ ಕಂಬಕ್ಕೆ ಬಡಿದಿತ್ತು. ಎತ್ತುಗಳು ಕಂಬದಿಂದ ಸುಮಾರು ಹತ್ತು ಮೀಟರ್ ದೂರದಲ್ಲಿದ್ದವು. ಕಂಬಕ್ಕೆ ಮುಖ ಮಾಡಿ ನಿಂತದ್ದು ಸತ್ತಿತು, ಅಡ್ಡಲಾಗಿ ನಿಂತದ್ದು ಬದುಕಿತು. ಮರುದಿನ ಒಡೆದ ಪಿಂಗಾಣಿ ಬದಲಿಸಲು ಬಂದ ಲೈನ್‌ಮನ್ ಅಣ್ಣ, "ಗುಡ್ಡದ ಲೈನ್ ಹಿಂಗೇ ನೋಡು ತಮ್ಮಾ, ಕರಿ ಹೊಲದಾಗಿನ ಲೈನ್ ಇಷ್ಟು ಕಾಡಂಗಿಲ್ಲ" ಎಂದರು. ಇದಕ್ಕೆಲ್ಲ ಕಾರಣ ನಮ್ಮ ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲೇ ಇದೆ.

ಮೊದಲು ಹವೆ. ನಮ್ಮ ಬಿ.ಗುಡಿಯಲ್ಲಿ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತು. ಕಾದ ನೆಲದ ಮೇಲಿನ ಗಾಳಿ ರಭಸದಿಂದ ಮೇಲೇರಿ 10 ಕಿ.ಮೀ.ಗಿಂತಲೂ ಎತ್ತರದ ಮೋಡ ಕಟ್ಟುತ್ತದೆ. ಅದರೊಳಗೆ ಮಂಜಿನ ಹರಳು, ಮೆದು ಆಲಿಕಲ್ಲುಗಳು ಬಡಿದಾಡಿ ವಿದ್ಯುದಾವೇಶ ಬೇರ್ಪಡುತ್ತದೆ. ಜುಲೈನ ಜಿಟಿಜಿಟಿ ಮಳೆಯ ಮೋಡ ಸಾಮಾನ್ಯವಾಗಿ ಅಷ್ಟೆತ್ತರ ಬೆಳೆಯುವುದಿಲ್ಲ, ಸಿಡಿಲೂ ಕಡಿಮೆ.

ಇನ್ನು ನೆಲ. ಶಹಾಪುರ, ಸುರಪುರದ ಗುಡ್ಡಗಳೆಂದರೆ ಬಂಡೆ. ಶಹಾಪುರದ ಮಲಗಿದ ಬುದ್ಧನನ್ನು ದೂರದಿಂದ ನೋಡಿದವರಿಗೆ ಹೇಳಬೇಕಿಲ್ಲ. ಏರಿನ ಮೇಲಿನ ಕಂಬ ಸುತ್ತಲಿಗಿಂತ ಎತ್ತರವಾದ್ದರಿಂದ ಸಿಡಿಲು ಅದನ್ನು ಹುಡುಕಿಕೊಂಡು ಬರುವ ಸಂಭವ ಹೆಚ್ಚು. ಒಂದು ಸಾಧಾರಣ ಸಿಡಿಲಿನ ಪ್ರವಾಹ 30,000 ಆಂಪಿಯರ್. 11 ಕೆವಿ ಲೈನಿನ ಪಿಂಗಾಣಿ ಇಂಥ ಹೊಡೆತದಲ್ಲಿ ತಡೆಯುವುದು 75,000 ವೋಲ್ಟ್‌ನ ಆಸುಪಾಸು. ತಂತಿಗೆ ಮುಟ್ಟದೆ 100 ಮೀಟರ್ ಆಚೆ ಬಿದ್ದ ಸಿಡಿಲೂ ಪ್ರೇರಣೆಯಿಂದ ಲಕ್ಷ ವೋಲ್ಟ್‌ನಷ್ಟು ಹುಟ್ಟಿಸಬಲ್ಲದು. ಊರ ಲೈನು ಮಳೆಗೆ ಮುಂಚೆಯೇ ಹೋಗುವುದು ಬರೀ ಗಾಳಿಯಿಂದಲ್ಲ!

220 ಕೆವಿ ಟವರ್ ಲೈನಿನ ಕಥೆ ಬೇರೆ. ಅದು 10 ಲಕ್ಷ ವೋಲ್ಟ್‌ವರೆಗೆ ತಾಳುತ್ತದೆ. ತುದಿಯಲ್ಲಿರುವ ಅರ್ತ್ ತಂತಿ ಸಿಡಿಲನ್ನು ತಾನು ಹಿಡಿದು ಟವರಿನ ಮೂಲಕ ನೆಲಕ್ಕೆ ಇಳಿಸುತ್ತದೆ. ಇಲ್ಲಿ ಓಮ್ ನಿಯಮ ಹಾಕಿ ನೋಡಿ. ತೇವದ ಕರಿ ಮಣ್ಣಿನಲ್ಲಿ ಟವರಿನ ಬುಡದ ರೋಧ 10 ಓಮ್ ಇದ್ದರೆ 30,000 × 10 = 3 ಲಕ್ಷ ವೋಲ್ಟ್, ಲೈನು ಉಳಿಯಿತು. ಬಂಡೆಯ ಮೇಲೆ 100 ಓಮ್ ಇದ್ದರೆ 30 ಲಕ್ಷ! ಸ್ವಲ್ಪ ಪ್ರವಾಹ ಅರ್ತ್ ತಂತಿಯಲ್ಲೇ ಪಕ್ಕದ ಟವರುಗಳಿಗೆ ಹಂಚಿಹೋಗುತ್ತದೆ, ನಿಜ. ಆದರೂ ಟವರಿನಿಂದಲೇ ತಂತಿಗೆ ಕಿಡಿ ಹಾರಬಹುದು. ಅದಕ್ಕೇ ಕಲ್ಲುನೆಲದಲ್ಲಿ ಟವರಿನ ಬುಡದಿಂದ ಉದ್ದನೆಯ ತಂತಿಗಳನ್ನು ನೆಲದೊಳಗೆ ಹೂಳುತ್ತಾರೆ. ನಮ್ಮ ಮನೆಗಳ ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಬೇಸಿಗೆಯಲ್ಲಿ ನೀರು ಹೊಯ್ಯುವುದೂ ಇದೇ ಲೆಕ್ಕಕ್ಕೆ.

ಈಗ ಎತ್ತಿಗೆ ಬರೋಣ. ಕಂಬದ ಬುಡದಲ್ಲಿ ಇಳಿದ ಪ್ರವಾಹ ನೆಲದಲ್ಲಿ ಸುತ್ತಲೂ ಹರಡುತ್ತದೆ. ಯಾವುದೇ ದೂರದಲ್ಲಿ ನೆಲದ ವಿಭವ ಬೇಕಾದರೆ ರೋಧಶೀಲತೆಯನ್ನು ಪ್ರವಾಹದಿಂದ ಗುಣಿಸಿ, 6.28 ಮತ್ತು ಆ ದೂರದ ಗುಣಲಬ್ಧದಿಂದ ಭಾಗಿಸಬೇಕು. ರೋಧಶೀಲತೆ 100 ಓಮ್-ಮೀಟರ್ ಎಂದು ಇಟ್ಟುಕೊಂಡರೆ, ಮುಂಗಾಲಿನ ಬಳಿ (10 ಮೀಟರ್) ಸುಮಾರು 47,800 ವೋಲ್ಟ್, ಹಿಂಗಾಲಿನ ಬಳಿ (11.5 ಮೀಟರ್) ಸುಮಾರು 41,500. ವ್ಯತ್ಯಾಸ 6,000ಕ್ಕೂ ಹೆಚ್ಚು, ಅದು ಎದೆಯ ಮೂಲಕವೇ ಹಾದುಹೋಗುತ್ತದೆ. ಅಡ್ಡಲಾಗಿ ನಿಂತ ಎತ್ತಿನ ಮುಂಗಾಲು, ಹಿಂಗಾಲು ಕಂಬದಿಂದ ಹೆಚ್ಚುಕಡಿಮೆ ಸಮದೂರ, ಹಾಗಾಗಿ ವ್ಯತ್ಯಾಸ ತೀರಾ ಕಡಿಮೆ. ಮರಡಿ ನೆಲದ ರೋಧಶೀಲತೆ ಇದರ ಹತ್ತು ಪಟ್ಟಿದ್ದರೆ ವೋಲ್ಟೇಜೂ ಹತ್ತು ಪಟ್ಟು. ಅರ್ಧ ಮೀಟರ್ ಹೆಜ್ಜೆ ಇಟ್ಟ ಮನುಷ್ಯನಿಗೂ 100 ಓಮ್-ಮೀಟರ್ ನೆಲದಲ್ಲೇ 2,000ಕ್ಕಿಂತ ಹೆಚ್ಚು ವೋಲ್ಟ್ ಬರುತ್ತದೆ. ಬಯಲಲ್ಲಿ ಸಿಕ್ಕಿಕೊಂಡರೆ ಕಂಬ, ಮರಗಳಿಂದ ದೂರ ಸರಿದು ಎರಡೂ ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಬೇಕು ಎನ್ನುವುದು ಇದಕ್ಕೇ. ಮಲಗಲೇಬಾರದು.

ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಮಾಡಿ ಚಾಚಾ ಅವರಿಗೆ ತೋರಿಸಿದೆ. "ಹಂಗಾದ್ರ ಅಡ್ಡ ಕಟ್ಟಿದ್ರ ಎರಡೂ ಉಳೀತಿದ್ವೇನೋ?" ಎಂದು ಕೇಳಿದರು. ಕಂಬದ ಹತ್ತಿರ ಕಟ್ಟಲೇಬಾರದು ಚಾಚಾ ಎಂದೆ. ಈಗ ಮೋಡ ಕಟ್ಟುತ್ತಲೇ ಉಳಿದ ಎತ್ತನ್ನು ಮನೆಗೆ ಹೊಡೆದುಕೊಂಡು ಬರುತ್ತಾರೆ. ಈ ಸಲದ ಬಿತ್ತನೆಗೆ ಜೊತೆ ಎತ್ತನ್ನು ಪಕ್ಕದ ಹೊಲದವರಿಂದ ಮುಯ್ಯಿಗೆ ತಂದಿದ್ದಾರೆ.